ಒಂದು ಸೊನ್ನೆ ಹೆಚ್ಚು

ಹನ್ನೊಂದು ದಿನ ಕೂತು, ಊಟ ನಿದ್ದೆ ಮರೆತು ಬರೆದ ಟೈಮ್‌ಟೇಬಲ್ ಅದು. ಹದಿನಾಲ್ಕು ತರಗತಿ, ಇಪ್ಪತ್ತೆರಡು ಜನ ಟೀಚರು, ದಿನಕ್ಕೆ ಎಂಟು ಪೀರಿಯಡ್ಡು. ಒಬ್ಬರ ಕಾಲು ಇನ್ನೊಬ್ಬರಿಗೆ ತಾಗದ ಹಾಗೆ ಎಲ್ಲರನ್ನೂ ಚೌಕಗಳೊಳಗೆ ಕೂರಿಸಿದ್ದಳು. ಅಂಥ ಹಾಳೆಯನ್ನು ಮೇಜಿನ ಮೇಲೆ ಹಾಸಿಕೊಂಡು, ಅದರ ಮೇಲೆ ಬನ್ನು ಇಟ್ಟುಕೊಂಡು, ಯಾರೋ ಒಬ್ಬ ಅಪರಿಚಿತ ಆರಾಮವಾಗಿ ತಿನ್ನುತ್ತಿದ್ದ.

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಗಣಿತದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು?"

"ಬನ್ನು. ಬೇಕಾ?"

"ಬನ್ನಿನ ಕೆಳಗಿರೋದು ಏನು ಅಂತ ಕೇಳಿದೆ."

ಅವನು ಬನ್ನನ್ನು ಎತ್ತಿ, ಕತ್ತು ಓರೆ ಮಾಡಿ, ಕೆಳಗೆ ನೋಡಿದ. "ಟೈಮ್‌ಟೇಬಲ್ ಥರ ಕಾಣ್ತಿದೆ. ಹಳೇದು ಅಂದ್ಕೊಂಡೆ."

"ನಾಳೆಯಿಂದ ಶುರುವಾಗೋದು."

"ಅಯ್ಯೋ!" ಅವನು ಎದ್ದೇ ಬಿಟ್ಟ. ಕರವಸ್ತ್ರದಿಂದ ಒರೆಸಲು ಹೋಗಿ ಬೆಣ್ಣೆಯನ್ನು ಇನ್ನೂ ಎರಡು ಚೌಕಗಳಿಗೆ ಹರಡಿದ. ಆಮೇಲೆ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟ. "ಸದ್ಯ. ಏಳನೇ ಬಿ ಮೇಲೆ ಆಗಿರೋದು. ಅದು ನಂದೇ ಕ್ಲಾಸು. ನಮಗೆ ಪೀರಿಯಡ್ಡೇ ಇರಲ್ಲ ಬಿಡಿ."

ಹಾಗೆ ಅವರಿಬ್ಬರ ಪರಿಚಯವಾಯಿತು.

ವಿಷಯ ಏನೆಂದರೆ, ಆ ವರ್ಷ ಶಾಲೆಯ ಆಡಳಿತ ಮಂಡಳಿಗೆ ಒಂದು ಹೊಸ ಯೋಚನೆ ಹೊಳೆದಿತ್ತು. ಗಣಿತ, ವಿಜ್ಞಾನ, ಸಮಾಜ ಎಂದು ವಿಷಯಗಳನ್ನು ಬೇರೆ ಬೇರೆಯಾಗಿ ಪಾಠ ಮಾಡುವುದು ಒಳ್ಳೆಯದೋ, ಅಥವಾ ಮಕ್ಕಳೇ ಒಂದು ಪ್ರಶ್ನೆ ಹಿಡಿದುಕೊಂಡು, ಉತ್ತರ ಹುಡುಕುತ್ತ, ದಾರಿಯಲ್ಲಿ ಬೇಕಾದ್ದನ್ನೆಲ್ಲ ಕಲಿಯುವುದು ಒಳ್ಳೆಯದೋ ಎಂದು ನೋಡಬೇಕಾಗಿತ್ತು. ಏಳನೇ ಎ ವಿಭಾಗ ಹಳೆಯ ದಾರಿಯಲ್ಲಿ, ಇವಳ ಕೈಯಲ್ಲಿ. ಏಳನೇ ಬಿ ಹೊಸ ದಾರಿಯಲ್ಲಿ, ಒಂದು ವರ್ಷದ ಕರಾರಿನ ಮೇಲೆ ಬಂದ ಇವನ ಕೈಯಲ್ಲಿ. ಯಾರು ಗೆಲ್ಲುತ್ತಾರೋ ಮುಂದಿನ ವರ್ಷದಿಂದ ಇಡೀ ಶಾಲೆಗೆ ಅವರ ದಾರಿ.

ಅವಳಿಗೆ ಮಕ್ಕಳು ಇಟ್ಟ ಹೆಸರು 'ಗಂಟೆ ಮೇಡಂ'. ಬೆಲ್ಲು ಹೊಡೆಯುವುದಕ್ಕೂ ಅವಳು ಕೊನೆಯ ಲೆಕ್ಕ ಮುಗಿಸಿ ಸೀಮೆಸುಣ್ಣ ಕೆಳಗಿಡುವುದಕ್ಕೂ ಒಂದು ಉಸಿರಿನ ಅಂತರವೂ ಇರುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ದಿನ ರಜೆ ಹಾಕಿದವಳಲ್ಲ. ಅವನಿಗೆ ವಾರದೊಳಗೆ ಸಿಕ್ಕ ಹೆಸರು 'ಯಾಕೆ ಸರ್'. ಮಕ್ಕಳು ಏನೇ ಹೇಳಲಿ, ಅವನು ತಲೆ ಕೆರೆದುಕೊಂಡು "ಯಾಕೆ?" ಎನ್ನುತ್ತಿದ್ದ. ಬಿ ವಿಭಾಗದಿಂದ ದಿನವಿಡೀ ಸಂತೆಯ ಗದ್ದಲ. ನಡುವೆ ಇರುವುದು ಒಂದೇ ಗೋಡೆ. ಇವಳು ಎ ವಿಭಾಗದಲ್ಲಿ ಅನುಪಾತದ ಲೆಕ್ಕ ಬಿಡಿಸುವಾಗ ಮಕ್ಕಳ ಕಣ್ಣು ಬೋರ್ಡಿನ ಮೇಲಿರುತ್ತಿತ್ತು, ಕಿವಿಗಳೆಲ್ಲ ಆ ಗೋಡೆಯ ಮೇಲೆ.

ಇಬ್ಬರಿಗೂ ಸಂಜೆ ಒಂದೇ ಬಸ್ಸು. ಅದು ಒಣಗಾಳಿಯ ಕಾಲ. ಬಸ್ ಸ್ಟಾಪಿನ ತಗಡಿನ ಮಾಡು ಬಡಬಡ ಎನ್ನುತ್ತಿತ್ತು, ಕೂತಲ್ಲಿ ಕೂರಲಾಗದ ಗಾಳಿ. ಅವಳು ನಿಂತೇ ಇರುತ್ತಿದ್ದಳು. ಅವನು ಬೆಂಚಿನ ತುದಿಯಲ್ಲಿ ಕೂತು ಅವಳಿಗಾಗಿ ಜಾಗ ಬಿಟ್ಟಿರುತ್ತಿದ್ದ.

"ನಿಮ್ಮ ಮಕ್ಕಳು ಈ ವಾರ ಏನು ಕಲಿತ್ರು?" ಒಂದು ದಿನ ಅವಳೇ ಕೆಣಕಿದಳು.

"ಮೂರನೇ ಮಹಡಿಯ ನಲ್ಲೀಲಿ ಎರಡು ಗಂಟೆಗೆ ನೀರು ಯಾಕೆ ನಿಂತುಹೋಗುತ್ತೆ ಅಂತ ಹುಡುಕ್ತಿದ್ದಾರೆ."

"ಏನು ಹುಡುಕ್ತಿದ್ದಾರೆ ಅಂತಲ್ಲ. ಏನು ಕಲಿತ್ರು?"

"ನಿಮ್ಮ ಮಕ್ಕಳು?"

"ದಶಮಾಂಶ ಮುಗೀತು. ಅನುಪಾತ ಶುರುವಾಯ್ತು."

"ಯಾರಿಗೆ ಮುಗೀತು ಮೇಡಂ? ನಿಮಗಾ, ಅವರಿಗಾ?"

ಅಷ್ಟರಲ್ಲಿ ಬಸ್ಸು ಬಂತು. ಮನೆ ಸೇರಿ, ಕೈಕಾಲು ತೊಳೆದು, ಅಕ್ಕನ ಜೊತೆ ತರಕಾರಿ ಹೆಚ್ಚುವಾಗ ಅವಳಿಗೆ ಉತ್ತರ ಹೊಳೆಯಿತು. ಮರುದಿನ ಬಸ್ ಸ್ಟಾಪಿನಲ್ಲಿ ಕಾಲಿಡುತ್ತಲೇ ಹೇಳಿದಳು: "ನಿಮ್ಮ ಕ್ಲಾಸಲ್ಲಿ ಮೊನ್ನೆ ಒಬ್ಬಳು ಹನ್ನೆರಡೆಂಟ್ಲಿ ಎಷ್ಟು ಅಂತ ಬೆರಳು ಮಡಿಸ್ತಿದ್ದಳು. ಬಾಯಿಬಡುಕರು ನಾಲ್ಕು ಜನ ಪ್ರಶ್ನೆ ಕೇಳ್ತಾರೆ, ಮಿಕ್ಕವರು ಮೂಲೇಲಿ ಕೂತು ಬಣ್ಣ ಬಳೀತಾರೆ. ನನ್ನ ಕ್ಲಾಸಲ್ಲಿ ಮೂಗನಂಥವನಿಗೂ ಬೋರ್ಡಿಗೆ ಬರೋ ಸರದಿ ಇದೆ."

ಅವನು ನಗಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. "ಅದು ನಿಜ. ಮೂಲೆ ಮಕ್ಕಳು. ಇದನ್ನ ನಾನು ನೋಡಬೇಕಿತ್ತು." ಆಮೇಲೆ ತಲೆಯೆತ್ತಿದ. ಅವನ ಎಡಗಿವಿಯ ಮೇಲೆ ಸೀಮೆಸುಣ್ಣದ ಹುಡಿ ಅಂಟಿತ್ತು. "ನಿನ್ನೆಯಿಂದ ಇದೇ ಯೋಚನೆ ಮಾಡ್ತಿದ್ರಾ?"

"ನನಗೇನು ಬೇರೆ ಕೆಲಸ ಇಲ್ವಾ?"

"ಇದೆಯಾ?"

ಅವಳು ಮುಖ ತಿರುಗಿಸಿದಳು. ನಗು ಬಂದದ್ದು ಅವನಿಗೆ ಕಾಣಬಾರದಲ್ಲ. ಕಂಡಿತ್ತು. ಅವನು ಬೇಕೆಂದೇ ರಸ್ತೆಯ ಕಡೆ ನೋಡುತ್ತ, ಕಣ್ಣಿಗೆ ಕೈ ಅಡ್ಡ ಹಿಡಿದು ಬಾರದ ಬಸ್ಸನ್ನು ಹುಡುಕುವವನಂತೆ ನಟಿಸುತ್ತಿದ್ದ.

ದಿನ ಕಳೆದ ಹಾಗೆ ಅವಳಿಗೆ ಏನೋ ತಳಮಳ. ಏಳನೇ ಪೀರಿಯಡ್ ಆದ ಮೇಲೆ ಗಡಿಯಾರದ ಮುಳ್ಳು ಅಂಟಿಕೊಂಡಂತೆ ಅನಿಸುತ್ತಿತ್ತು. ಬಸ್ಸು ಬೇಗ ಬಂದರೆ ಸಿಟ್ಟು, ತಡವಾದರೆ ಇನ್ನೊಂದು ಥರ ಸಿಟ್ಟು. ತನ್ನ ಕ್ಲಾಸಿನಲ್ಲಿ ಒಂಬತ್ತು ವರ್ಷದಿಂದ ಮಕ್ಕಳು ಕೇಳಿದ ಒಂದೇ ಪ್ರಶ್ನೆ "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಎಂಬುದು ನೆನಪಾಗಿ, ಸೀಮೆಸುಣ್ಣ ಹಿಡಿದ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಅವಳ ಅಕ್ಕ, ಬಟ್ಟೆ ಹೊಲಿಯುವವಳು, ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದಳು: "ಅಡುಗೆಮನೆಗೂ ಬಾಗಿಲಿಗೂ ಎಂಟು ಸಲ ಓಡಾಡಿದೆ. ಕಾಲಿಗೇನು ಚಕ್ರ ಕಟ್ಟಿಕೊಂಡಿದ್ದೀಯಾ?"

"ಸೆಖೆ ಅಕ್ಕಾ."

"ಸೆಖೆಗೆ ಹೆಸರೇನು?"

"ಅಕ್ಕಾ!"

ಅವನ ಬಗ್ಗೆ ಗೊತ್ತಿದ್ದದ್ದೂ ಕಡಿಮೆ. ಐದು ವರ್ಷದಲ್ಲಿ ಮೂರು ಶಾಲೆ ಬದಲಾಯಿಸಿದ್ದ. "ಮುಂದಿನ ವರ್ಷ ಎಲ್ಲಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ನಿಮಗೆ ಏನನಿಸುತ್ತೆ?" ಎಂದಿದ್ದ. ಪ್ರಶ್ನೆಗೆ ಪ್ರಶ್ನೆ. ಇಂಥವನನ್ನು ನಂಬುವುದು ಹೇಗೆ?

ಆಗ ಆ ಸೋಮವಾರದ ಮೀಟಿಂಗ್ ನಡೆಯಿತು. ಪ್ರಿನ್ಸಿಪಾಲರು, ಎಲ್ಲರೂ 'ದೊಡ್ಡ ಮೇಡಂ' ಎನ್ನುತ್ತಿದ್ದವರು, ಎರಡೂ ವಿಭಾಗಗಳ ಶಿಸ್ತಿನ ಬಗ್ಗೆ ಮಾತೆತ್ತಿದರು. ಬಿ ವಿಭಾಗದ ಗದ್ದಲದ ಬಗ್ಗೆ ನಾಲ್ಕು ಜನ ದೂರಿದರು. ಅವನು ಎದ್ದು ನಗುನಗುತ್ತ ಹೇಳಿದ: "ಏನ್ ಮಾಡೋದು ಮೇಡಂ, ಪಕ್ಕದ ಕ್ಲಾಸಲ್ಲಿ ಮಕ್ಕಳು ಉಸಿರಾಡೋಕೂ ಕೈಯೆತ್ತಿ ಪರ್ಮಿಷನ್ ಕೇಳ್ತಾರೆ. ಅದರ ಪಕ್ಕ ಯಾರಿದ್ರೂ ಗಲಾಟೆ ಅನ್ಸುತ್ತೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ನಗದೆ ಇದ್ದರೆ ಇನ್ನೂ ಚೆನ್ನಾಗಿರುವುದಿಲ್ಲವಲ್ಲ. ಆದರೆ ಬಸ್ ಸ್ಟಾಪಿನಲ್ಲಿ ತನ್ನ ಜೊತೆ ಗಂಭೀರವಾಗಿ ಮಾತಾಡುತ್ತಿದ್ದ ಮನುಷ್ಯನಿಗೆ, ನಾಲ್ಕು ಜನರ ಮುಂದೆ ತಾನೊಂದು ತಮಾಷೆ. ಅಂದು ಸಂಜೆ ಅವಳು ನಡೆದೇ ಮನೆಗೆ ಹೋದಳು.

ಮಂಗಳವಾರ ಮೂರನೇ ಮಹಡಿಯ ಕಾರಿಡಾರಿನಲ್ಲಿ ಬಿ ವಿಭಾಗದ ದೊಡ್ಡ ಚಾರ್ಟು ಅಂಟಿಸಿದ್ದರು. ನಲ್ಲಿ ಯಾಕೆ ನಿಲ್ಲುತ್ತದೆ? ಟ್ಯಾಂಕಿನ ಚಿತ್ರ, ಪೈಪುಗಳ ಚಿತ್ರ, ಹಸಿರು ಬಣ್ಣದಲ್ಲಿ ತೋಟದ ಚಿತ್ರ. ಕೆಳಗೆ ಒಂದು ಮೂಲೆಯಲ್ಲಿ: ಬಕೆಟ್ಟು ಹನ್ನೆರಡು ಲೀಟರ್. ತುಂಬಲು ನಲವತ್ತೆಂಟು ಸೆಕೆಂಡ್. ತೋಟದ ಪೈಪು ಓಡುವುದು ದಿನಕ್ಕೆ ನಲವತ್ತು ನಿಮಿಷ. ಒಟ್ಟು ಆರು ಸಾವಿರ ಲೀಟರ್. ಟ್ಯಾಂಕಿನಲ್ಲಿ ಹಿಡಿಯುವುದೇ ಹತ್ತು ಸಾವಿರ. ಅದರ ಕೆಳಗೆ ಕೆಂಪು ಅಕ್ಷರ: ನಮ್ಮ ನೀರು ತೋಟಕ್ಕೆ ಹೋಗುತ್ತಿದೆ!

ಅವಳು ಆ ಚಾರ್ಟಿನ ಮುಂದೆ ನಿಲ್ಲಲೂ ಇಲ್ಲ. ನಡೆಯುತ್ತಲೇ ಬೆರಳುಗಳು ತಾವಾಗಿ ಲೆಕ್ಕ ಹಾಕಿದವು. ನಿಮಿಷಕ್ಕೆ ಹದಿನೈದು ಲೀಟರ್. ನಲವತ್ತು ನಿಮಿಷಕ್ಕೆ ಆರುನೂರು. ಆರು ಸಾವಿರವಲ್ಲ. ಒಂದು ಸೊನ್ನೆ ಹೆಚ್ಚಾಗಿದೆ.

ಅವನು ಎದುರಿನಿಂದಲೇ ಬರುತ್ತಿದ್ದ. "ಮೇಡಂ, ನಿನ್ನೆ ಬಸ್ಸಿಗೆ ಬರಲಿಲ್ಲ? ಚಾರ್ಟು ನೋಡಿದ್ರಾ? ನಾನು ಒಂದು ಗೆರೇನೂ ಮುಟ್ಟಿಲ್ಲ, ಎಲ್ಲ ಅವರದ್ದೇ."

ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಬಣ್ಣ ಚೆನ್ನಾಗಿದೆ," ಎಂದು ಹೇಳಿ ಮುಂದೆ ನಡೆದಳು.

ಗುರುವಾರ ಆಡಳಿತ ಮಂಡಳಿಯವರು ಬಂದರು. ಎ ವಿಭಾಗದ ಮಕ್ಕಳು ಸಾಲಾಗಿ ನಿಂತು ಇಪ್ಪತ್ತು ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸಿದರು; ಅಧ್ಯಕ್ಷರು ಆಕಳಿಸಿದರು. ಬಿ ವಿಭಾಗದ ಮಕ್ಕಳು ಬಕೆಟ್ಟು, ಗಡಿಯಾರ, ಚಾರ್ಟು ಹಿಡಿದು ಹುರುಪಿನಿಂದ ವಿವರಿಸಿದರು. ಅಧ್ಯಕ್ಷರು ಕುರ್ಚಿಯ ತುದಿಗೆ ಬಂದರು. ಕೊನೆಗೆ ಒಂದು ಹುಡುಗಿ ಗಟ್ಟಿಯಾಗಿ ಓದಿದಳು: "ಟ್ಯಾಂಕಿನ ನೂರರಲ್ಲಿ ಅರವತ್ತು ಭಾಗ ನೀರು ತೋಟಕ್ಕೇ ಖರ್ಚಾಗುತ್ತಿದೆ."

ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಈಗ ಯಾರಾದರೂ ಗುಣಿಸಿ ನೋಡುತ್ತಾರೆ, ಈಗ ಅವನ ಮುಖ ಸಣ್ಣದಾಗುತ್ತದೆ, ಇಷ್ಟೇ ಅವಳು ಊಹಿಸಿದ್ದು. ಯಾರೂ ಗುಣಿಸಲಿಲ್ಲ. ಅಧ್ಯಕ್ಷರು ಕಿಟಕಿಯ ಕಡೆ ತಿರುಗಿದರು. ಕೆಳಗೆ, ಹಂಚಿಕಡ್ಡಿಯಂಥ ಮೈಯ, ಎಲ್ಲರೂ 'ತೋಟದಣ್ಣ' ಎಂದು ಕರೆಯುತ್ತಿದ್ದ ಮಾಲಿ, ಪೈಪು ಹಿಡಿದು ನಿಂತಿದ್ದರು.

"ಆರು ಸಾವಿರ ಲೀಟರಾ? ಮಕ್ಕಳು ಕುಡಿಯೋ ನೀರು! ಅವರಿಗೆ ನಾಳೆಯಿಂದ ಬರೋದು ಬೇಡ ಅನ್ನಿ," ಎಂದರು ಅಧ್ಯಕ್ಷರು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿತ್ತು. ತೋಟದಣ್ಣ ಯಾರ ಹತ್ತಿರವೂ ವಾದ ಮಾಡಲಿಲ್ಲ. ಪೈಪನ್ನು ಸುತ್ತಿ, ಗೋಡೆಯ ಮೊಳೆಗೆ ನೇತುಹಾಕಿ, ಕೈ ತೊಳೆಯಲು ನಲ್ಲಿ ತಿರುಗಿಸಿ, ಏನೋ ನೆನಪಾದವರಂತೆ ಮತ್ತೆ ಮುಚ್ಚಿ, ಮಣ್ಣಿನ ಕೈಯಲ್ಲೇ ಗೇಟು ದಾಟಿ ಹೋದರು.

ಅವಳು ಮೂರನೇ ಮಹಡಿಯಿಂದ ಅದನ್ನೆಲ್ಲ ನೋಡಿದಳು.

ಶುಕ್ರವಾರ ಬೆಳಗ್ಗೆ ತಟ್ಟೆಯ ಮುಂದೆ ಕೂತು, ಒಂದು ತುತ್ತೂ ಎತ್ತದೆ, ಅಕ್ಕನ ಮುಂದೆ ಎಲ್ಲ ಹೇಳಿಕೊಂಡಳು. ಅಕ್ಕ ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ನನಗೆ ಆ ಲೆಕ್ಕ ಬರಲ್ಲ. ನಾನು ಸುಮ್ಮನಿದ್ದರೆ ತಪ್ಪಲ್ಲ. ನಿನಗೆ ಬರುತ್ತಲ್ಲೇ," ಎಂದಳು. ತಟ್ಟೆಯನ್ನು ಎತ್ತಿಕೊಂಡು, "ಅವನ ಮೇಲೆ ಇಷ್ಟೊಂದು ಸಿಟ್ಟು ಯಾಕೆ ಬಂತು ಅಂತ ಆಮೇಲೆ ಯೋಚನೆ ಮಾಡು. ಈಗ ಮೊದಲು ಹೋಗು."

ಮೊದಲ ಬೆಲ್ಲಿಗೆ ಇನ್ನೂ ಅರ್ಧ ಗಂಟೆ ಇತ್ತು. ಅವನು ಖಾಲಿ ಕ್ಲಾಸಿನಲ್ಲಿ ಕಿಟಕಿಯ ಹತ್ತಿರ ನಿಂತು, ಕೆಳಗಿನ ಬಾಡಿದ ಗಿಡಗಳನ್ನು ನೋಡುತ್ತಿದ್ದ. ಅವನೂ ನಿದ್ದೆ ಮಾಡಿರಲಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು.

"ನಿಮ್ಮ ಚಾರ್ಟಲ್ಲಿ ಒಂದು ಸೊನ್ನೆ ಹೆಚ್ಚಿದೆ," ಎಂದಳು. ಕೂರಲಿಲ್ಲ. "ಆರುನೂರು ಲೀಟರ್. ಆರು ಸಾವಿರ ಅಲ್ಲ."

ಅವನು ಚಾರ್ಟಿನ ಹತ್ತಿರ ಹೋದ. ತುಟಿ ಅಲುಗಿಸುತ್ತ ಗುಣಿಸಿದ. ಮತ್ತೊಮ್ಮೆ ಗುಣಿಸಿದ. ಬೆನ್ನು ತಿರುಗಿಸಿಯೇ ಕೇಳಿದ: "ಯಾವಾಗ ನೋಡಿದ್ರಿ?"

"ಮಂಗಳವಾರ."

ಕಿಟಕಿಯ ಬಾಗಿಲು ಗಾಳಿಗೆ ಒಮ್ಮೆ ಬಡಿದುಕೊಂಡಿತು. ಅವನು ತಿರುಗಿದಾಗ ಆ ಮುಖದಲ್ಲಿ ಕೆಣಕುವ ನಗು ಎಲ್ಲೂ ಇರಲಿಲ್ಲ.

"ಮಂಗಳವಾರ ನೋಡಿ, ಗುರುವಾರದವರೆಗೂ ಸುಮ್ಮನಿದ್ರಾ?"

"ಹೌದು."

"ನಾನು ಸೋಲಬೇಕು ಅಂತ?"

"ಮೀಟಿಂಗಲ್ಲಿ ನನ್ನನ್ನ ಜೋಕು ಮಾಡಿದ್ರಲ್ಲ, ಅದಕ್ಕೆ." ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಕೇಳಿಸಿತು. "ತೋಟದಣ್ಣನ ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಆದರೆ ಗೊತ್ತಿರಲಿಲ್ಲ ಅನ್ನೋದು ಉತ್ತರ ಅಲ್ಲ."

"ನನಗೆ ಬೈಬೇಕಿತ್ತು ಮೇಡಂ. ನಾಲ್ಕು ಜನರ ಮುಂದೆ ಬೈಬೇಕಿತ್ತು. ನಾನು ಆ ಮಾತು ಆಡಿದ್ದೇ ತಪ್ಪು, ಆವತ್ತು ಸಂಜೆ ಕ್ಷಮೆ ಕೇಳೋಣ ಅಂತ ಎರಡು ಬಸ್ಸು ಬಿಟ್ಟು ಕಾದಿದ್ದೆ." ಚಾರ್ಟಿನ ಕಡೆ ಕೈ ತೋರಿಸಿದ. "ಆದರೆ ಇದು... ಇದನ್ನ ನಿಮ್ಮಿಂದ..."

ಅವನು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತು, ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ನೆಲಕ್ಕೆ ಹೇಳುವಂತೆ ಹೇಳಿದ: "ನಾನು ಒಂದು ಸಲವೂ ಗುಣಿಸಿ ನೋಡ್ಲಿಲ್ಲ. ಮಕ್ಕಳೇ ಮಾಡಿದ್ದು ಅಂತ ಹೆಮ್ಮೆ ಪಡ್ತಾ ತಿರುಗಿದೆ. ಪ್ರಶ್ನೆ ಕೇಳೋದು ಕಲಿಸಿದೆ. ಸಿಕ್ಕ ಉತ್ತರದ ಮೇಲೆ ಅನುಮಾನ ಪಡೋದು ಕಲಿಸಲಿಲ್ಲ."

ಶನಿವಾರ ಮಧ್ಯಾಹ್ನ ಇಬ್ಬರೂ ತೋಟದಣ್ಣನ ಮನೆ ಹುಡುಕಿಕೊಂಡು ಹೋದರು. ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ. ಕಿರಿದಾದ ಓಣಿಯ ಕೊನೆಯಲ್ಲಿ ನೀಲಿ ಬಾಗಿಲು. ಅವನು ಒಂದು ಹೆಜ್ಜೆ ಹಿಂದೆ ನಿಂತ. ಅವಳ ಕೈ ಎರಡು ಸಲ ಮೇಲೆದ್ದು ಇಳಿಯಿತು. ಮೂರನೇ ಸಲ ಬಾಗಿಲು ತಟ್ಟಿತು.

ತೋಟದಣ್ಣ ಇಬ್ಬರಿಗೂ ಕುರ್ಚಿ ಹಾಕಿ ತಾವು ಹೊಸ್ತಿಲ ಮೇಲೆ ಕೂತರು. ಅವಳು ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು.

"ಲೆಕ್ಕ ನನಗೆ ತಿಳಿಯಲ್ಲಮ್ಮ. ಒಂದು ಮಾತು ಮಾತ್ರ ಮನಸ್ಸಲ್ಲಿ ಕೊರೀತಾ ಇದೆ." ಅವರು ಅವನ ಕಡೆ ತಿರುಗಿದರು. "ನಿಮ್ಮ ಮಕ್ಕಳು ಬಕೆಟ್ಟು ತಂದ್ರು ಸರ್. ಗಡಿಯಾರ ತಂದ್ರು. ಪೈಪಿನ ಫೋಟೋ ತೆಗೆದ್ರು. ಹದಿನೈದು ದಿನ ನನ್ನ ಸುತ್ತಾನೇ ಓಡಾಡಿದ್ರು. ಪೈಪು ಹಿಡಿದಿರೋ ನನ್ನನ್ನ ಒಂದು ಮಾತು ಕೇಳಲಿಲ್ಲವಲ್ಲ."

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡ.

ಅವಳು ಮುಂದೆ ಬಗ್ಗಿದಳು. ಒಂಬತ್ತು ವರ್ಷದಲ್ಲಿ ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿರುತ್ತಿತ್ತು. ಇದಕ್ಕೆ ಇರಲಿಲ್ಲ. "ಈಗ ಕೇಳ್ತೀವಿ ಅಣ್ಣ. ನೀರು ಎಲ್ಲಿಗೆ ಹೋಗ್ತಿದೆ ಅಂತ ನಿಮಗೆ ಅನಿಸುತ್ತೆ?"

"ಹಳೇ ಲ್ಯಾಬಿನ ಹಿಂದಿನ ಗೋಡೆ ನೋಡಿದ್ದೀರಾ? ಅಲ್ಲಿಗೆ ನನ್ನ ಪೈಪು ಮುಟ್ಟಲ್ಲ. ನಾನು ಒಂದು ಚೊಂಬು ನೀರೂ ಹಾಕಿಲ್ಲ. ಆದ್ರೂ ಈ ಒಣಗಾಳೀಲೂ ಅಲ್ಲಿ ಹುಲ್ಲು ಮೊಣಕಾಲುದ್ದ ಹಸಿರಾಗಿದೆ."

ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ನೋಡಿದರು. ಶುಕ್ರವಾರದ ನಂತರ ಅದೇ ಮೊದಲು.

ಸೋಮವಾರ ಅವಳು ಟೈಮ್‌ಟೇಬಲಿನ ಮುಂದೆ ನಿಂತು, ಏಳನೇ ಎ ವಿಭಾಗದ ಕೊನೆಯ ಎರಡು ಪೀರಿಯಡ್‌ಗಳಿಗೆ ಅಡ್ಡಗೆರೆ ಎಳೆದು, ಮಕ್ಕಳನ್ನು ಕರೆದುಕೊಂಡು ಬಿ ವಿಭಾಗಕ್ಕೆ ನಡೆದಳು. ಎ ಮಕ್ಕಳಿಗೆ ಕುಣಿಯುವಷ್ಟು ಖುಷಿ, ಬಿ ಮಕ್ಕಳಿಗೆ ಅಳುವಷ್ಟು ಅವಮಾನ. ಗಟ್ಟಿಯಾಗಿ ಓದಿದ್ದ ಹುಡುಗಿ ಚಾರ್ಟಿನ ಕೆಂಪು ಅಕ್ಷರಗಳನ್ನು ತಾನೇ ಹರಿದು ಮುದ್ದೆ ಮಾಡಿದಳು.

ಆದರೆ ಮಕ್ಕಳ ಅಳು ಎಷ್ಟು ಹೊತ್ತು? ಹತ್ತೇ ನಿಮಿಷದಲ್ಲಿ ಒಬ್ಬಳು ಕೇಳಿದಳು: "ಶಾಲೇಲಿ ಯಾರೂ ಇಲ್ಲದಾಗಲೂ ಟ್ಯಾಂಕಲ್ಲಿ ನೀರು ಇಳಿಯುತ್ತಾ ಸರ್?" ಸಂಜೆ ನಾಲ್ಕೂವರೆಗೆ ಟ್ಯಾಂಕು ತುಂಬಿ ಪಂಪು ನಿಂತ ಕೂಡಲೇ ನೀರಿನ ಮಟ್ಟಕ್ಕೆ ಗೆರೆ ಹಾಕಿಸಿದರು. ಮರುದಿನ ಬೆಳಗ್ಗೆ ಎಂಟೂವರೆಗೆ ನೋಡಿದರೆ ನಲವತ್ತು ಸೆಂಟಿಮೀಟರ್ ಕೆಳಗೆ! ಟ್ಯಾಂಕು ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ. ಬಿ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ಎ ವಿಭಾಗದ ಒಬ್ಬ, ಇಡೀ ವರ್ಷ ಬಾಯಿ ತೆರೆಯದಿದ್ದವನು, ಎದ್ದು ಹೇಳಿದ: "ಎರಡು ಸಾವಿರದ ನಾನೂರು ಲೀಟರ್ ಮೇಡಂ." ಹೇಳಿ, ಕೂರದೆ, ಮತ್ತೆ ಕೇಳಿದ: "ನಾನು ಸರಿ ಅಂತ ಹೇಗೆ ಗೊತ್ತಾಗುತ್ತೆ?"

ಅವಳ ಕಣ್ಣು ತುಂಬಿಬಂತು. "ಬೇರೆ ಇಬ್ಬರ ಹತ್ತಿರ ಮಾಡಿಸಿ ನೋಡು," ಎಂದಳು. ಗೋಡೆಗೆ ಒರಗಿ ನಿಂತಿದ್ದ ಅವನು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದಾಗ ಕಣ್ಣು ಕೀಳಲಿಲ್ಲ. ಕೋಪ ಹೋಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಹಳೇ ಲ್ಯಾಬಿನ ಗೋಡೆ ಒಡೆಸಿದಾಗ, ಒಳಗೆ ತುಕ್ಕು ಹಿಡಿದು ಬಿರಿದ ಪೈಪಿನಿಂದ ನೀರು ಸುರಿಯುತ್ತಿತ್ತು.

ಆ ಗುರುವಾರ ಆಡಳಿತ ಮಂಡಳಿ ಮತ್ತೆ ಸೇರಿತು. ಮಕ್ಕಳು ಹೊಸ ಲೆಕ್ಕ ಒಪ್ಪಿಸಿದ ಮೇಲೆ ಅವಳು ಎದ್ದು ನಿಂತಳು. "ಮೊದಲ ಚಾರ್ಟಿನ ತಪ್ಪು ಮಕ್ಕಳದ್ದಲ್ಲ ಸರ್. ಅದನ್ನ ನೋಡಿಯೂ ಹೇಳದೆ ಬಿಟ್ಟಿದ್ದು ನಾನು."

"ನೋಡಬೇಕಾಗಿದ್ದವನು ನಾನು. ನೋಡಲೇ ಇಲ್ಲ," ಅವನೂ ಎದ್ದ.

ಅಧ್ಯಕ್ಷರಿಗೆ ಪೇಚಾಟ. "ತೋಟದವರನ್ನ ಕರೆಸಿ. ನಾನೇ ಮಾತಾಡ್ತೀನಿ. ಅದಿರಲಿ, ಕೊನೆಗೆ ಯಾವ ಪದ್ಧತಿ ಒಳ್ಳೇದು ಅಂತಾಯ್ತು?"

ದೊಡ್ಡ ಮೇಡಂ ಕನ್ನಡಕ ಸರಿ ಮಾಡಿಕೊಂಡರು. "ಎರಡು ಕ್ಲಾಸೂ ಸೇರಿಹೋಗಿವೆ ಸರ್. ಹೋಲಿಸೋಕೆ ಈಗ ಏನೂ ಉಳಿದಿಲ್ಲ."

ತೋಟದಣ್ಣ ಮರುದಿನವೇ ಕೆಲಸಕ್ಕೆ ಬಂದರು. ಆದರೆ ತಪ್ಪಿಗೆ ತಕ್ಕ ಬೆಲೆಯೂ ಬಂತು. ಅವಳಿಗೆ ಒಂಬತ್ತು ವರ್ಷದಲ್ಲಿ ಮೊದಲನೆಯ ಮೆಮೊ. ಅವನ ಕರಾರನ್ನು ಮುಂದುವರಿಸುವುದಿಲ್ಲವೆಂದು ಒಂದು ಪತ್ರ. ಶಾಲೆಯಲ್ಲಿ ವಿಷಯಗಳ ಪಾಠ ಮೊದಲಿನಂತೆಯೇ ಉಳಿಯಿತು. ಶುಕ್ರವಾರದ ಕೊನೆಯ ಎರಡು ಪೀರಿಯಡ್ಡು ಮಾತ್ರ ಪ್ರಶ್ನೆಗಳಿಗೆಂದು ಬಿಟ್ಟುಕೊಟ್ಟರು.

ಉಳಿದ ಎರಡು ತಿಂಗಳು ಹೇಗೆ ಕಳೆದವೋ! ದಿನವೂ ಜೊತೆಗೆ ಪಾಠ, ಜೊತೆಗೆ ಚರ್ಚೆ. ಬಸ್ ಸ್ಟಾಪಿನ ಬೆಂಚಿನಲ್ಲಿ ಈಗ ಅವಳೂ ಕೂರುತ್ತಿದ್ದಳು, ನಡುವೆ ಇಬ್ಬರ ಚೀಲಗಳು. ಮಕ್ಕಳ ವಿಷಯ ಬಿಟ್ಟರೆ ಮಾತಿಲ್ಲ. ಕ್ಷಮಿಸಿದಿರಾ ಎಂದು ಕೇಳುವ ಧೈರ್ಯ ಅವಳಿಗಿಲ್ಲ. ಒಂದೂವರೆ ಗಂಟೆ ದೂರದ ಊರಿನ ಶಾಲೆಯೊಂದು ಅವನನ್ನು ಕರೆದಿದೆ ಎಂಬ ಸುದ್ದಿಯೂ ಬೇರೆಯವರ ಬಾಯಿಂದಲೇ ಬಂತು. ಅಂದು ಅವಳು ಒಂದೇ ಲೆಕ್ಕವನ್ನು ಬೋರ್ಡಿನ ಮೇಲೆ ಎರಡು ಸಲ ಬರೆದಳು.

ಕೊನೆಯ ಶನಿವಾರ, ಅರ್ಧ ದಿನದ ಶಾಲೆ. ಅವನು ಎಲ್ಲರಿಗೂ ಕೈಮುಗಿದು, ಒಂದೂವರೆಯ ಬಸ್ಸು ಹಿಡಿಯಬೇಕೆಂದು ಹೊರಟುಹೋದ. ಅವಳ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು. ಒಂದು ತೆಗೆದಳು, ಮುಚ್ಚಿದಳು. ಇನ್ನೊಂದು ತೆಗೆದಳು. ಕಿಟಕಿಯವರೆಗೆ ಹೋದಳು, ಬಂದಳು. ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಎದ್ದು ನಡೆದಳು. ಗೇಟು ದಾಟಿದ ಮೇಲೆ ಅದು ನಡಿಗೆಯಾಗಿ ಉಳಿಯಲಿಲ್ಲ.

ದೂರದ ಊರುಗಳಿಗೆ ಹೋಗುವ ಬಸ್ಸುಗಳ ನಿಲ್ದಾಣ. ಅವನು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟಿದ್ದ. ಅವಳನ್ನು ಕಂಡು ಆ ಕಾಲನ್ನು ಕೆಳಗಿಳಿಸಿದ.

"ಏನಾಯ್ತು ಮೇಡಂ? ಯಾಕೆ ಓಡಿ ಬಂದ್ರಿ?"

"ನೀವು ಕೇಳಬೇಡಿ. ಇವತ್ತು ನಾನು ಕೇಳ್ತೀನಿ." ಏದುಸಿರಿನಲ್ಲಿ ಮಾತು ತುಂಡುತುಂಡಾಗಿ ಬಂತು. "ಪ್ರಶ್ನೆಗೆ ಪ್ರಶ್ನೆ ಹಾಕಬಾರದು. ಹೌದು, ಇಲ್ಲ, ಅಷ್ಟೇ. ನನ್ನನ್ನ ಕ್ಷಮಿಸಿದ್ದೀರಾ?"

"ಹೌದು."

"ಅಲ್ಲಿಗೆ ಹೋಗೋದು ಖಂಡಿತಾನಾ?"

"ಹೌದು. ಒಪ್ಪಿಕೊಂಡಾಯ್ತು."

ಆದರೂ ಇನ್ನೊಂದು ಉಳಿದಿತ್ತಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನನ್ನನ್ನ ಇಷ್ಟಪಡ್ತೀರಾ?"

ಅವನ ಮುಖದಲ್ಲಿ ಏನೇನೋ ಬಂದು ಹೋದವು. ಅಭ್ಯಾಸಬಲ, ಯಾವುದೋ ಪ್ರಶ್ನೆ ತುಟಿಯವರೆಗೂ ಬಂತು. ನುಂಗಿಕೊಂಡ.

"ಹೌದು," ಎಂದ. ಬಹಳ ಮೆತ್ತಗೆ. ಆಮೇಲೆ, ನಿಯಮ ಮುರಿದು, ಮುಂದುವರಿಸಿದ. "ಮೊದಲ ದಿನದಿಂದ ಅಂದ್ರೆ ಸುಳ್ಳು. ಮೊದಲ ದಿನ ನಿಮ್ಮನ್ನ ಕಂಡ್ರೆ ಹೆದರಿಕೆ. ತೋಟದಣ್ಣನ ಮನೆ ಮುಂದೆ ಬಾಗಿಲು ತಟ್ಟೋಕೆ ನಿಮ್ಮ ಕೈ ಎರಡು ಸಲ ಎದ್ದು ಇಳೀತು. ನಾನು ಹಿಂದೆ ನಿಂತಿದ್ದೆ. ನಾನಾಗಿದ್ರೆ ವಾಪಸ್ ಹೋಗಿಬಿಡ್ತಿದ್ದೆ; ಪ್ರತಿ ಊರಲ್ಲೂ ಅದನ್ನೇ ಮಾಡಿದ್ದೀನಿ. ನೀವು ತಟ್ಟಿದ್ರಿ. ಅವತ್ತಿಂದ. ಕೋಪ ಇದ್ದಾಗಲೇ ಶುರುವಾಗಿದ್ದು."

"ಹೇಳಬೇಕಿತ್ತಲ್ಲ!"

"ಕೆಲಸ ಹೋದವನು ಯಾವ ಮುಖ ಇಟ್ಟುಕೊಂಡು ಹೇಳ್ಲಿ?"

"ಹೋಗೋ ಊರು ಒಂದೂವರೆ ಗಂಟೆ ದಾರಿ ರೀ. ಸಮುದ್ರ ದಾಟಬೇಕಾ? ನೀವು ಅಲ್ಲಿ ಪಾಠ ಮಾಡಿ, ನಾನು ಇಲ್ಲಿ ಮಾಡ್ತೀನಿ. ಮನೆ ನಡುವೆ ಎಲ್ಲಾದ್ರೂ ಮಾಡಿದ್ರಾಯ್ತು." ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ತಿಳಿದು ಕಿವಿಯವರೆಗೂ ಕೆಂಪಾದಳು. "ಅಂದ್ರೆ... ಅಕ್ಕನ ಹತ್ತಿರ ಮೊದಲು ಮಾತಾಡಬೇಕು."

ಅವನು ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡುವ ಹಾಗೆ ನಕ್ಕ. ಕಂಡಕ್ಟರ್ ಬಸ್ಸಿನ ಮೈಗೆ ಬಡಿದ. "ಹತ್ತೋರು ಹತ್ತಿ, ಮಾತಾಡೋರು ಅಲ್ಲೇ ಇರಿ!"

ಅವನು ಹತ್ತಿದ. ಮೆಟ್ಟಿಲ ಮೇಲೆ ನಿಂತು ಹಿಂದೆ ತಿರುಗಿ, ಏನೂ ಕೇಳದೆ ಕೈ ಚಾಚಿದ. ಅವಳು ಒಂದು ಕ್ಷಣ ಆ ಕೈಯನ್ನೂ, ಒಂದು ಕ್ಷಣ ಶಾಲೆಯ ದಾರಿಯನ್ನೂ ನೋಡಿದಳು. ಬಸ್ಸು ಆಗಲೇ ಅಲುಗಾಡಿತ್ತು.

ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಫೋನು ಮಾಡಿದಳು. "ಅಕ್ಕಾ, ಊಟಕ್ಕೆ ಕಾಯಬೇಡ."

"ಯಾಕೇ, ಎಲ್ಲಿದ್ದೀಯ?"

"ಬಸ್ಸಲ್ಲಿ. ಹೊಸ ಶಾಲೆ ನೋಡ್ಕೊಂಡು ಬರ್ತೀನಿ."

ಆ ಕಡೆ ಹೊಲಿಗೆ ಯಂತ್ರ ಟಕ್ಕೆಂದು ನಿಂತಿತು. "ಒಬ್ಬಳೇನಾ?"

"ಅಲ್ಲ."

"ಸರಿ ಹಾಗಾದ್ರೆ," ಎಂದಳು ಅಕ್ಕ. ನಗುತ್ತಿದ್ದಾಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ವಾಪಸ್ ಎಷ್ಟು ಗಂಟೆಗೆ ಬಸ್ಸಿದೆ, ಅದನ್ನಾದ್ರೂ ತಿಳ್ಕೊಂಡಿದ್ದೀಯಾ?"

ಅವಳು ಫೋನನ್ನು ಎದೆಗೆ ಒತ್ತಿ ಹಿಡಿದು ಪಕ್ಕಕ್ಕೆ ತಿರುಗಿದಳು. "ವಾಪಸ್ ಬಸ್ಸು ಎಷ್ಟು ಗಂಟೆಗೆ?"

"ಗೊತ್ತಿಲ್ಲ," ಎಂದ ಅವನು. ಅವಳ ಕೈ ಇನ್ನೂ ಅವನ ಕೈಯಲ್ಲೇ ಇತ್ತು. "ಇಳಿದು ವಿಚಾರಿಸೋಣ."